ಹಾಡು ನಿಲ್ಲಿಸಿದರೂ ಚಾರ್ಜ್ ಇಳಿಯುತ್ತಿದೆಯಾ? ಪೆನ್‌ಡ್ರೈವ್ ಸ್ಪೀಕರ್ ಪೆಟ್ಟಿಗೆಯಲ್ಲಿ ಕರೆಂಟ್ ಸೋರಿಕೆ ಹುಡುಕುವ ಬಗೆ

"ಏನಪ್ಪಾ, ರಾತ್ರಿ ಆಫ್ ಮಾಡೇ ಮಲಗಿದ್ದೆ. ಬೆಳಗ್ಗೆ ಎದ್ದು ನೋಡಿದ್ರೆ ಇದಕ್ಕೆ ಜೀವಾನೇ ಇಲ್ಲ" ಅಂತ ನಮ್ಮ ಸೋದರತ್ತೆ ಹಾಡಿನ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮೂರು ವರ್ಷದ ಹಿಂದೆ ಅವರ ದೇವರಮನೆಗೆ ಅಂತ ನಾನೇ ಮಾಡಿಕೊಟ್ಟ ಪೆಟ್ಟಿಗೆ ಅದು. ಆಗ ಒಂದು ಸಲ ಚಾರ್ಜ್ ಮಾಡಿದರೆ ಏಳು ಗಂಟೆ ಹಾಡುತ್ತಿತ್ತು. ಈಗ ಐದು ಗಂಟೆಯೂ ಕಷ್ಟ.

ಒಳಗಿರುವುದು ಇಷ್ಟೇ. 2200 ಎಂಎಎಚ್‌ನ ಒಂದು 18650 ಲಿಥಿಯಂ ಸೆಲ್ (ಎಂಎಎಚ್ ಅಂದರೆ ಎಷ್ಟು ಮಿಲಿಆಂಪನ್ನು ಎಷ್ಟು ಗಂಟೆ ಕೊಡಬಲ್ಲದು ಅನ್ನುವ ಅಳತೆ), ಟಿಪಿ4056 ಚಾರ್ಜಿಂಗ್ ಬೋರ್ಡ್, ಸೆಲ್ಲಿನ ವೋಲ್ಟೇಜನ್ನು 5 ವೋಲ್ಟ್‌ಗೆ ಏರಿಸುವ ಬೂಸ್ಟ್ ಮಾಡ್ಯೂಲ್, ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್ ಎರಡನ್ನೂ ಓದುವ ಎಂಪಿ3 ಬೋರ್ಡ್, ಪಿಎಎಂ8403 ಆಂಪ್ಲಿಫೈಯರ್ ಬೋರ್ಡ್, 4 ಓಮ್‌ನ ಎರಡು ಸ್ಪೀಕರ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುವ ಸಾಮಾನುಗಳು. ಮನೆಯಲ್ಲಿ ಇಂಥ ಪೆಟ್ಟಿಗೆ ಮಾಡಿಕೊಂಡವರು ಬಹಳ ಜನ ಇದ್ದಾರೆ. ಅಂಗಡಿಯಿಂದ ತಂದ ಪೆಟ್ಟಿಗೆಯ ಒಳಗೂ ಹೆಚ್ಚುಕಮ್ಮಿ ಇದೇ ಇರುತ್ತದೆ. ಹಾಗಾಗಿ ನಾನು ಈ ದೋಷ ಹುಡುಕಿದ ದಾರಿ ನಿಮಗೂ ಬರುತ್ತದೆ.

ಅತ್ತೆ ಹೇಳಿದ್ದು ಒಂದೇ ದೂರಿನಂತೆ ಕೇಳಿದರೂ ಅದರಲ್ಲಿ ಎರಡು ದೂರು ಇವೆ. ಹಾಡುವಾಗ ಚಾರ್ಜ್ ಬೇಗ ಮುಗಿಯುವುದು ಒಂದು. ಆಫ್ ಮಾಡಿದಾಗಲೂ ಮುಗಿಯುವುದು ಇನ್ನೊಂದು. ಇವೆರಡರ ಕಾರಣ ಬೇರೆ ಬೇರೆ ಇರಬಹುದು. ರಿಪೇರಿಗೆ ಕೈ ಹಾಕುವ ಮೊದಲು ನಿಮ್ಮ ಪೆಟ್ಟಿಗೆಯದು ಯಾವ ದೂರು ಅಂತ ಕೇಳಿ ತಿಳಿದುಕೊಳ್ಳಿ.

ಹೆಚ್ಚಿನವರು ಇಲ್ಲಿ ನೇರವಾಗಿ ಸೆಲ್ ಬದಲಿಸುತ್ತಾರೆ, ಇಲ್ಲವೇ ಸೌಂಡ್ ಕಡಿಮೆ ಇಟ್ಟು ಕೇಳಿ ಅನ್ನುತ್ತಾರೆ. ನನ್ನ ಅನುಭವದಲ್ಲಿ ಸಣ್ಣ ಪೆಟ್ಟಿಗೆಯಲ್ಲಿ ಚಾರ್ಜ್ ತಿನ್ನುವುದು ಸೌಂಡ್ ಅಲ್ಲ. ಬೋರ್ಡಿನ ಮೇಲೆ 3 ವ್ಯಾಟ್ ಅಂತ ಇದ್ದರೂ ಮನೆಯೊಳಗೆ ಮೆಲ್ಲಗೆ ಹಾಡು ಕೇಳುವಾಗ ಎರಡೂ ಸ್ಪೀಕರ್ ಸೇರಿ ತೆಗೆದುಕೊಳ್ಳುವುದು ಒಂದು ವ್ಯಾಟಿನ ಕಾಲು ಭಾಗದ ಆಸುಪಾಸು ಅಷ್ಟೇ. ಉಳಿದ ಕರೆಂಟ್ ಎಲ್ಲ ಹಾಡು ಇದ್ದರೂ ಇಲ್ಲದಿದ್ದರೂ ಒಂದೇ ಸಮ ಹೋಗುತ್ತಿರುತ್ತದೆ. ಚಿಪ್ ತಯಾರಕರು ಕೊಡುವ ವಿವರಪತ್ರದಲ್ಲಿ (ಡೇಟಾಶೀಟ್) ಅದಕ್ಕೆ ಕ್ವೈಸೆಂಟ್ ಕರೆಂಟ್ ಅನ್ನುತ್ತಾರೆ. ನಾನು ಸುಮ್ನಿದ್ದಾಗಿನ ಕರೆಂಟ್ ಅನ್ನುತ್ತೇನೆ. ಮೊದಲು ಅಳೆಯಬೇಕಾದ್ದು ಅದನ್ನೇ.

ಅಳೆಯುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಅಳತೆ ತಪ್ಪಿದರೆ ಮುಂದಿನದೆಲ್ಲ ತಪ್ಪು.

ಮೀಟರನ್ನು 200 ಮಿಲಿಆಂಪ್ ರೇಂಜಿನಲ್ಲಿಟ್ಟು ಸೀರೀಸ್‌ನಲ್ಲಿ ಹಾಕಿದರೆ ಎರಡು ತೊಂದರೆ. ಪೆಟ್ಟಿಗೆ ಆನ್ ಆಗುವ ಕ್ಷಣದಲ್ಲಿ ಕೆಪಾಸಿಟರ್‌ಗಳು ತುಂಬಲು ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತವೆ, ಮೀಟರಿನ ಫ್ಯೂಸ್ ಹೋಗುತ್ತದೆ. ಫ್ಯೂಸ್ ಉಳಿದರೂ ಮೀಟರಿನ ಒಳಗೇ ವೋಲ್ಟೇಜ್ ಬಿದ್ದು, ಎಂಪಿ3 ಬೋರ್ಡ್ ಪದೇ ಪದೇ ರೀಸೆಟ್ ಆಗುತ್ತದೆ. 10 ಆಂಪ್ ತೂತಿಗೆ ಹಾಕಿದರೆ ಇದೆಲ್ಲ ಇಲ್ಲ, ಆದರೆ ಅಗ್ಗದ ಮೀಟರಿನಲ್ಲಿ ಆ ರೇಂಜ್ 10 ಮಿಲಿಆಂಪ್‌ಗಿಂತ ಸಣ್ಣದನ್ನು ತೋರಿಸುವುದಿಲ್ಲ. ಇನ್ನೊಂದು ಎಚ್ಚರಿಕೆ. ಆ ಮೀಟರುಗಳಲ್ಲಿ 10 ಆಂಪ್ ತೂತಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ. ಪ್ರೋಬ್ ಅಲ್ಲಿರುವಾಗ ಮರೆತು ಸೆಲ್ಲಿನ ಎರಡು ತುದಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್. ಲಿಥಿಯಂ ಸೆಲ್ಲಿನ ಜೊತೆ ಈ ತಪ್ಪು ಆಗಲೇಬಾರದು.

ನಾನು ಮಾಡುವುದು ಹೀಗೆ. ಕಾಲು ವ್ಯಾಟಿನ 1 ಓಮ್ ರೆಸಿಸ್ಟರ್ ಹತ್ತು ತೆಗೆದುಕೊಂಡು ಕಾಲುಗಳನ್ನು ಸೇರಿಸಿ ಒಟ್ಟಿಗೆ ಬೆಸುಗೆ ಹಾಕುತ್ತೇನೆ. ಹತ್ತೂ ಪ್ಯಾರಲಲ್ ಆದರೆ 0.1 ಓಮ್. ಇದನ್ನು ಸೆಲ್ಲಿನ ಪಾಸಿಟಿವ್ ವೈರಿನ ನಡುವೆ ಹಾಕಿ, ಮೀಟರನ್ನು 200 ಮಿಲಿವೋಲ್ಟ್ ರೇಂಜಿಗಿಟ್ಟು ಅದರ ಎರಡು ತುದಿಯಲ್ಲಿ ವೋಲ್ಟೇಜ್ ನೋಡುವುದು. 1 ಮಿಲಿವೋಲ್ಟ್ ಅಂದರೆ 10 ಮಿಲಿಆಂಪ್. ಮೀಟರ್ 0.1 ಮಿಲಿವೋಲ್ಟ್ ತೋರಿಸುವುದರಿಂದ ಒಂದು ಮಿಲಿಆಂಪ್ ವ್ಯತ್ಯಾಸವೂ ಕಾಣುತ್ತದೆ. ಬೋರ್ಡ್ ರೀಸೆಟ್ ಆಗುವುದಿಲ್ಲ, ಫ್ಯೂಸ್ ಹೋಗುವುದಿಲ್ಲ. ಹತ್ತು ರೆಸಿಸ್ಟರಿನ ಈ ಕಟ್ಟು ನನ್ನ ಸೋಲ್ಡರಿಂಗ್ ಐರನ್ ಪಕ್ಕದಲ್ಲೇ ಇರುತ್ತದೆ.

ಅತ್ತೆಯ ಪೆಟ್ಟಿಗೆಯನ್ನು ಆನ್ ಮಾಡಿ, ಒಂದು ಹಾಡು ಹಾಕಿ, ಪಾಸ್ (ಹಾಡು ತಡೆಯುವ ಬಟನ್) ಒತ್ತಿದೆ. ಮೀಟರಿನಲ್ಲಿ 26.2. ಅಂದರೆ 262 ಮಿಲಿಆಂಪ್. ಒಂದು ಸ್ವರವೂ ಹೊರಡದೆ ಇಷ್ಟು ಹೋಗುತ್ತಿದೆ! 2200 ಎಂಎಎಚ್ ಸೆಲ್ ಹೊಸದೇ ಆಗಿದ್ದರೂ ಮೌನವಾಗಿ ಕೂತೇ ಎಂಟೂವರೆ ಗಂಟೆಯಲ್ಲಿ ಖಾಲಿ ಮಾಡುವಷ್ಟು.

ಒಂದೊಂದಾಗಿ ಕಿತ್ತು ನೋಡುವುದು

ಪೆನ್‌ಡ್ರೈವ್ ಎಳೆದೆ. 262 ಇದ್ದದ್ದು 177ಕ್ಕೆ ಇಳಿಯಿತು. ಆಂಪ್ಲಿಫೈಯರಿನ 5 ವೋಲ್ಟ್ ವೈರ್ ಬಿಚ್ಚಿದೆ. 75ಕ್ಕೆ ಬಂತು. ಉಳಿದದ್ದು ಎಂಪಿ3 ಬೋರ್ಡ್, ಅದರ ಕೆಂಪು ಅಂಕಿಗಳ ಡಿಸ್ಪ್ಲೇ ಮತ್ತು ಬೂಸ್ಟ್ ಮಾಡ್ಯೂಲಿನ ಪಕ್ಕ ಅಂದಕ್ಕೆ ಹಾಕಿದ್ದ ಒಂದು ನೀಲಿ ಎಲ್ಇಡಿ.

ಈ ಅಂಕಿಗಳನ್ನು ಓದುವಾಗ ಒಂದು ವಿಷಯ ನೆನಪಿರಲಿ. ಇವು ಸೆಲ್ ಕಡೆಯ ಅಳತೆ. ಬೂಸ್ಟ್ ಮಾಡ್ಯೂಲ್ 3.8 ವೋಲ್ಟನ್ನು 5ಕ್ಕೆ ಏರಿಸುವಾಗ ಕರೆಂಟ್ ರೂಪದಲ್ಲಿ ಬೆಲೆ ಕಟ್ಟಬೇಕು, ಮೇಲೆ ಅದರ ಸ್ವಂತ ನಷ್ಟ ಬೇರೆ. ಮಾಡ್ಯೂಲಿನ ದಕ್ಷತೆ ಶೇಕಡಾ 85 ಅಂತ ಹಿಡಿದರೆ, 5 ವೋಲ್ಟ್ ಕಡೆ 55 ಮಿಲಿಆಂಪ್ ಎಳೆಯುವ ಪೆನ್‌ಡ್ರೈವ್ ಸೆಲ್ಲಿನಿಂದ 85 ತೆಗೆದುಕೊಳ್ಳುತ್ತದೆ. ಅಂದರೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು. 5 ವೋಲ್ಟ್ ಕಡೆ ಉಳಿಸಿದ ಪ್ರತಿ 2 ಮಿಲಿಆಂಪ್ ಸೆಲ್ಲಿಗೆ 3 ಆಗಿ ತಿರುಗಿ ಬರುತ್ತದೆ.

ಈಗ ರೆಸಿಸ್ಟರ್ ಕಟ್ಟನ್ನು ಆಂಪ್ಲಿಫೈಯರಿನ 5 ವೋಲ್ಟ್ ವೈರಿಗೇ ಹಾಕಿ ನೋಡಿದೆ. 66 ಮಿಲಿಆಂಪ್. ಪಿಎಎಂ8403 ಡೇಟಾಶೀಟ್ ಪ್ರಕಾರ 5 ವೋಲ್ಟ್‌ನಲ್ಲಿ ಸುಮ್ನಿದ್ದಾಗ ಅದು ಎಳೆಯಬೇಕಾದ್ದು ಸುಮಾರು 16. ಹೆಚ್ಚಾದ ಐವತ್ತು ಎಲ್ಲಿ ಹೋಗುತ್ತಿದೆ? ಬೆರಳು ಇಟ್ಟು ನೋಡಿದೆ. ಬೋರ್ಡಿನ ಐಸಿ (ಮುಖ್ಯ ಚಿಪ್) ಬೆಚ್ಚಗಿತ್ತು. ಪಿಎಎಂ8403 ಕ್ಲಾಸ್ ಡಿ ಬಗೆಯದು, ಅಂದರೆ ಔಟ್‌ಪುಟ್ಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡುತ್ತಾ ಕೆಲಸ ಮಾಡುವಂಥದ್ದು. ಹಾಡು ನಿಂತಿರುವಾಗ ಕ್ಲಾಸ್ ಡಿ ಆಂಪ್ಲಿಫೈಯರ್ ಬೆಚ್ಚಗೆ ಇರಬಾರದು. ಅದು ತಣ್ಣಗೇ ಇರಬೇಕು.

ನಾಲ್ಕು ಸಣ್ಣ ಕೆಪಾಸಿಟರ್

ಬೋರ್ಡನ್ನು ತಿರುಗಿಸಿ ನೋಡಿದಾಗ ಉತ್ತರ ಕಣ್ಣಿಗೇ ಬಿತ್ತು. ಸ್ಪೀಕರಿಗೆ ಹೋಗುವ ನಾಲ್ಕೂ ಪಾಯಿಂಟಿನಿಂದ ಗ್ರೌಂಡಿಗೆ ಒಂದೊಂದು ಹಳದಿ ಬಿಲ್ಲೆ ಕೆಪಾಸಿಟರ್ ಬೆಸುಗೆ ಹಾಕಿದ್ದರು. ಮೇಲೆ 103 ಅಂತ ಗುರುತು. ನಾನು ಹಾಕಿದ್ದಲ್ಲ. ಅತ್ತೆಯನ್ನು ಕೇಳಿದೆ. ಹೋದ ವರ್ಷ ಸ್ಪೀಕರ್ ವೈರ್ ಕಿತ್ತುಹೋದಾಗ ಹತ್ತಿರದ ಒಬ್ಬರ ಹತ್ತಿರ ರಿಪೇರಿ ಮಾಡಿಸಿದ್ದರಂತೆ. ಆಗಲೇ "ಪಕ್ಕದ ರೂಮಿನ ರೇಡಿಯೋದಲ್ಲಿ ಗೊರಗೊರ ಬರುತ್ತೆ, ಅದನ್ನೂ ನೋಡಿ" ಅಂದಿದ್ದರಂತೆ. ಗೊರಗೊರ ನಿಲ್ಲಿಸಲು ಅವರು ಹಾಕಿದ ಮದ್ದು ಇದು. ಹಳೆಯ ಆಂಪ್ಲಿಫೈಯರುಗಳಲ್ಲಿ ಇದು ನಡೆಯುವ ಮದ್ದೇ. ಕ್ಲಾಸ್ ಡಿ ಆಂಪ್ಲಿಫೈಯರಿಗೆ ಮಾತ್ರ ಒಗ್ಗುವುದಿಲ್ಲ.

ಯಾಕೆ ಅಂದರೆ, ಹಾಡು ಇಲ್ಲದಿದ್ದಾಗಲೂ ಪಿಎಎಂ8403ರ ಔಟ್‌ಪುಟ್ ಸುಮ್ಮನೆ ಇರುವುದಿಲ್ಲ. ಸೆಕೆಂಡಿಗೆ ಸುಮಾರು 2,60,000 ಸಲ ಸೊನ್ನೆಯಿಂದ 5 ವೋಲ್ಟಿಗೆ ಹತ್ತಿ ಇಳಿಯುತ್ತಿರುತ್ತದೆ. ಸ್ಪೀಕರಿನ ಎರಡೂ ತುದಿ ಒಟ್ಟಿಗೇ ಹತ್ತಿ ಒಟ್ಟಿಗೇ ಇಳಿಯುವುದರಿಂದ ಸ್ಪೀಕರಿನೊಳಗೆ ಕರೆಂಟ್ ಹರಿಯುವುದಿಲ್ಲ. ಅದೇ ಈ ಐಸಿಯ ಜಾಣತನ. ಆದರೆ ಒಂದು ತುದಿಯಿಂದ ಗ್ರೌಂಡಿಗೆ ಕೆಪಾಸಿಟರ್ ಹಾಕಿದರೆ ಪ್ರತಿ ಸಲ ಹತ್ತುವಾಗ ಅದನ್ನು ತುಂಬಬೇಕು, ಇಳಿಯುವಾಗ ಚೆಲ್ಲಬೇಕು. ಲೆಕ್ಕ ಸುಲಭ: ಕೆಪಾಸಿಟರ್ ಬೆಲೆ, ವೋಲ್ಟೇಜ್, ಸೆಕೆಂಡಿಗೆ ಎಷ್ಟು ಸಲ, ಈ ಮೂರನ್ನೂ ಗುಣಿಸಿ. 103 ಅಂದರೆ 10 ನ್ಯಾನೋಫ್ಯಾರಡ್. ಅದನ್ನು 5ರಿಂದ, ಮತ್ತೆ 2,60,000ದಿಂದ ಗುಣಿಸಿದರೆ 13 ಮಿಲಿಆಂಪ್. ನಾಲ್ಕಕ್ಕೆ 52. ನನ್ನ ಮೀಟರಿನಲ್ಲಿ ಹೆಚ್ಚಾಗಿ ಕಂಡದ್ದು ಐವತ್ತು. ಲೆಕ್ಕ ಮತ್ತು ಮೀಟರ್ ಹೀಗೆ ಒಂದೇ ಮಾತು ಹೇಳಿದಾಗ ಆಗುವ ಖುಷಿ ನಿಜಕ್ಕೂ ದೊಡ್ಡದು.

ನಾಲ್ಕನ್ನೂ ತೆಗೆದೆ. ಆಂಪ್ಲಿಫೈಯರ್ 66ರಿಂದ 16ಕ್ಕೆ ಇಳಿಯಿತು, ಎರಡು ನಿಮಿಷದಲ್ಲಿ ಐಸಿ ತಣ್ಣಗಾಯಿತು. 103ರ ಬದಲು 104 ಹಾಕಿದ್ದರೆ ಲೆಕ್ಕ ಹತ್ತು ಪಟ್ಟು ಆಗುತ್ತಿತ್ತು. ಆಗ ಐಸಿ ಸುಡುವಷ್ಟು ಬಿಸಿ ಆಗುತ್ತದೆ, ಇಲ್ಲವೇ ಒಳಗಿನ ಶಾರ್ಟ್ ರಕ್ಷಣೆ ಕೆಲಸ ಮಾಡಿ ಸೌಂಡೇ ನಿಲ್ಲುತ್ತದೆ.

ಹಾಗಾದರೆ ರೇಡಿಯೋದ ಗೊರಗೊರಕ್ಕೆ ಏನು ಮಾಡುವುದು? ಮೊದಲು ಸ್ಪೀಕರ್ ವೈರನ್ನು ಗಿಡ್ಡ ಮಾಡಿ, ಎರಡು ಎಳೆಯನ್ನೂ ಜಡೆಯಂತೆ ಹೊಸೆಯಿರಿ. ಅತ್ತೆಯ ಪೆಟ್ಟಿಗೆಯಲ್ಲಿ ಒಂದು ಮೊಳ ವೈರ್ ಸುಮ್ನೆ ಸುತ್ತಿ ತುರುಕಿದ್ದರು. ಅದು ಏರಿಯಲ್ ಆಗಿ ಕೆಲಸ ಮಾಡುತ್ತಿತ್ತು. ಅಷ್ಟಕ್ಕೂ ನಿಲ್ಲದಿದ್ದರೆ ಐಸಿಗೆ ಹತ್ತಿರವಾಗಿ ಪ್ರತಿ ಔಟ್‌ಪುಟ್ ವೈರಿಗೆ ಒಂದು ಫೆರೈಟ್ ಬೀಡ್ (ರೇಡಿಯೋ ಗದ್ದಲ ತಡೆಯುವ ಸಣ್ಣ ಮಣಿ) ಹಾಕಿ. ಕೆಪಾಸಿಟರ್ ಬೇಕೇ ಬೇಕು ಅಂದರೆ ಬೀಡ್ ದಾಟಿದ ಮೇಲೆ, ಅದೂ 1 ನ್ಯಾನೋಫ್ಯಾರಡ್ ಮೀರದಂತೆ.

ಆಂಪ್ಲಿಫೈಯರ್ ಜಾಸ್ತಿ ಎಳೆಯಲು ಬೇರೆ ಕಾರಣಗಳು

ನಿಮ್ಮ ಬೋರ್ಡಿನಲ್ಲಿ ಈ ಕೆಪಾಸಿಟರ್ ಇಲ್ಲದಿರಬಹುದು. ಆಗ ಸ್ಪೀಕರ್ ವೈರ್ ನೋಡಿ. ಪಿಎಎಂ8403ರ ನಾಲ್ಕು ಔಟ್‌ಪುಟ್‌ನಲ್ಲಿ ಯಾವುದೂ ಗ್ರೌಂಡ್ ಅಲ್ಲ. ಮೈನಸ್ ಅಂತ ಬರೆದಿರುವುದೂ ಗ್ರೌಂಡ್ ಅಲ್ಲ. ಆ ಮೈನಸನ್ನು ಗ್ರೌಂಡಿಗೆ ಸೇರಿಸಿದರೆ ಅದು ನೇರ ಶಾರ್ಟ್. ಹೆಡ್‌ಫೋನ್ ಸಾಕೆಟ್ ಹಾಕುವ ಆಸೆಯಿಂದ ಎಡ ಬಲದ ಎರಡೂ ಮೈನಸ್ಸನ್ನು ಒಟ್ಟಿಗೆ ಕಟ್ಟುವವರಿದ್ದಾರೆ. ಸುಮ್ನಿದ್ದಾಗ ಅದು ತೋರುವುದಿಲ್ಲ, ಹಾಡು ಶುರುವಾದ ಕೂಡಲೇ ಎರಡೂ ಒಂದನ್ನೊಂದು ಎಳೆದಾಡಿ ಐಸಿ ಬಿಸಿಯಾಗುತ್ತದೆ. ಸೆಲ್ ಬಿಚ್ಚಿಟ್ಟು, ಪ್ರತಿ ಸ್ಪೀಕರ್ ಪಾಯಿಂಟಿನಿಂದ ಗ್ರೌಂಡಿಗೆ ಓಮ್ ನೋಡಿ. ಸೊನ್ನೆಯ ಹತ್ತಿರ ಬಂದರೆ ದೋಷ ಅಲ್ಲೇ.

ಇನ್ನೊಂದು ಇನ್‌ಪುಟ್ ಕಡೆಯದು. ವಾಲ್ಯೂಮ್ ಕಂಟ್ರೋಲಿನ ಗ್ರೌಂಡ್ ಬೆಸುಗೆ ಬಿಟ್ಟಿದ್ದರೆ ಇನ್‌ಪುಟ್ ಗಾಳಿಯಲ್ಲಿ ತೇಲುತ್ತದೆ. ಅದು ಹಿಡಿದ ಗುಂಯ್ ಸದ್ದನ್ನೆಲ್ಲ ಆಂಪ್ಲಿಫೈಯರ್ 24 ಡೆಸಿಬಲ್ ಹಿಗ್ಗಿಸುತ್ತದೆ. ಸದ್ದು ನಿಮ್ಮ ಕಿವಿಗೆ ಸಣ್ಣದಾದರೂ ಕರೆಂಟ್ ಹೋಗುತ್ತಿರುತ್ತದೆ. ಬೋರ್ಡಿನ ಇನ್‌ಪುಟ್ ಎರಡನ್ನೂ ಅದೇ ಬೋರ್ಡಿನ ಗ್ರೌಂಡಿಗೆ ತಾತ್ಕಾಲಿಕವಾಗಿ ಮುಟ್ಟಿಸಿ. ಕರೆಂಟ್ ಇಳಿದರೆ ತಪ್ಪು ಆಂಪ್ಲಿಫೈಯರಿನದಲ್ಲ, ಅದಕ್ಕೆ ಬರುತ್ತಿರುವ ಸಿಗ್ನಲ್ಲಿನದು.

ಹಳೆಯ ಪೆಟ್ಟಿಗೆಗಳಲ್ಲಿ ಎಲ್ಎಂ386 ಅಥವಾ ಟಿಡಿಎ2822 ಆಂಪ್ಲಿಫೈಯರ್ ಐಸಿ ಇರುತ್ತದೆ. ಎಲ್ಎಂ386 ಸುಮ್ನಿದ್ದಾಗ 4 ಮಿಲಿಆಂಪ್ ಆಸುಪಾಸು, ಟಿಡಿಎ2822 ಆರೇಳು ಮಿಲಿಆಂಪ್. ಅದೇ ನಲವತ್ತು ಐವತ್ತು ತೋರಿಸುತ್ತಿದೆ, ಐಸಿ ಬಿಸಿ ಇದೆ, ಸ್ಪೀಕರಿನಲ್ಲಿ ಮಾತ್ರ ಏನೂ ಕೇಳುತ್ತಿಲ್ಲ ಅಂದರೆ ಅದು ನಮ್ಮ ಕಿವಿಗೆ ಕೇಳದ ಸ್ವರದಲ್ಲಿ ತಾನೇ ಕಿರುಚುತ್ತಿದೆ ಅಂತ ಅರ್ಥ. ಔಟ್‌ಪುಟ್ಟಿನಿಂದ ಗ್ರೌಂಡಿಗೆ ಇರಬೇಕಾದ ರೆಸಿಸ್ಟರ್ ಕೆಪಾಸಿಟರ್ ಜೋಡಿಯನ್ನು ದುಡ್ಡು ಉಳಿಸಲು ಬಿಟ್ಟಿರುತ್ತಾರೆ. ಎಲ್ಎಂ386ಕ್ಕೆ 10 ಓಮ್ ಮತ್ತು 0.05 ಮೈಕ್ರೋಫ್ಯಾರಡ್, ಟಿಡಿಎ2822ಕ್ಕೆ ಪ್ರತಿ ಚಾನೆಲಿಗೆ 4.7 ಓಮ್ ಮತ್ತು 0.1. ಎರಡನ್ನೂ ಸೀರೀಸ್ ಮಾಡಿ ಹಾಕಿ. ಬೆಸುಗೆ ಹಾಕುತ್ತಿದ್ದಂತೆ ಕರೆಂಟ್ ಬೀಳುವುದನ್ನು ಮೀಟರಿನಲ್ಲೇ ನೋಡಬಹುದು. ಇಲ್ಲಿ ಕೆಪಾಸಿಟರ್ ಸರಿ, ಕ್ಲಾಸ್ ಡಿಯಲ್ಲಿ ತಪ್ಪು. ಎರಡನ್ನೂ ಬೆರೆಸಬೇಡಿ.

ಈ ಐಸಿಗಳ ಔಟ್‌ಪುಟ್ಟಿಗೂ ಸ್ಪೀಕರಿಗೂ ನಡುವೆ ಇರುವ ದೊಡ್ಡ ಕೆಪಾಸಿಟರ್ ಸೋರಿದರೂ ಇದೇ ಗತಿ. ಔಟ್‌ಪುಟ್ಟಿನಲ್ಲಿ ಯಾವಾಗಲೂ ಅರ್ಧ ವೋಲ್ಟೇಜ್ ನಿಂತಿರುತ್ತದೆ. 9 ವೋಲ್ಟ್ ಪೆಟ್ಟಿಗೆಯಲ್ಲಿ 4.5. ಕೆಪಾಸಿಟರ್ ಪೂರ್ತಿ ಶಾರ್ಟ್ ಆದರೆ 8 ಓಮ್ ಸ್ಪೀಕರಿನಲ್ಲಿ ಅರ್ಧ ಆಂಪ್‌ಗಿಂತ ಜಾಸ್ತಿ ಡಿಸಿ ಹರಿಯುತ್ತದೆ. ಆನ್ ಮಾಡಿದಾಗ ಸ್ಪೀಕರಿನ ಕಾಗದ ಒಂದೇ ಕಡೆ ಸರಿದು ಅಲ್ಲೇ ನಿಲ್ಲುತ್ತದೆ. ಬರಿಗಣ್ಣಿಗೆ ಕಾಣುತ್ತದೆ.

12 ವೋಲ್ಟ್ ಬ್ಯಾಟರಿಯ ಪೆಟ್ಟಿಗೆಯಾದರೆ ಅದನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್ ನೋಡಿ. ಎಂಪಿ3 ಬೋರ್ಡಿಗೆ 5 ವೋಲ್ಟಿನಲ್ಲಿ 100 ಮಿಲಿಆಂಪ್ ಕೊಡಲು ಅದು ಬ್ಯಾಟರಿಯಿಂದಲೂ ಅಷ್ಟೇ ಎಳೆಯುತ್ತದೆ, ಜೊತೆಗೆ ತನಗೆ ಅಂತ ಇನ್ನೊಂದು 5. ಉಳಿದ 7 ವೋಲ್ಟ್ ಬರೀ ಬಿಸಿ. ಅದರ ಜಾಗಕ್ಕೆ, ಕಡಿಮೆ ನಷ್ಟದಲ್ಲಿ ವೋಲ್ಟೇಜ್ ಇಳಿಸುವ ಸಣ್ಣ ಬಕ್ ಮಾಡ್ಯೂಲ್ ಹಾಕಿದರೆ ಅದೇ ಕೆಲಸ 50 ಮಿಲಿಆಂಪಿನಲ್ಲಿ ಮುಗಿಯುತ್ತದೆ.

ಪೆನ್‌ಡ್ರೈವ್ ಅನ್ನುವ ಹೊಟ್ಟೆಬಾಕ

ಇದು ನನಗೇ ಆಶ್ಚರ್ಯ ತಂದ ಭಾಗ. ಆಂಪ್ಲಿಫೈಯರಿನ ದೋಷ ಹೋದ ಮೇಲೆ ಪೆಟ್ಟಿಗೆಯಲ್ಲಿ ಅತಿ ಜಾಸ್ತಿ ಎಳೆಯುತ್ತಿದ್ದದ್ದು ಪೆನ್‌ಡ್ರೈವ್. ಸುಮ್ನೆ ಚುಚ್ಚಿಕೊಂಡು ಕೂತಿದ್ದಕ್ಕೇ 55 ಮಿಲಿಆಂಪ್.

ಹಾಡಿಗೆ ಬೇಕಾದ ಮಾಹಿತಿ ಬಹಳ ಕಡಿಮೆ. 128 ಕೆಬಿಪಿಎಸ್ ಎಂಪಿ3 ಹಾಡಿಗೆ ಸೆಕೆಂಡಿಗೆ 16 ಕಿಲೋಬೈಟ್ ಸಾಕು. ಆದರೆ ಪೆನ್‌ಡ್ರೈವಿನೊಳಗಿನ ಯುಎಸ್‌ಬಿ ಚಿಪ್ ಓದುವ ಕೆಲಸ ಇದ್ದರೂ ಇಲ್ಲದಿದ್ದರೂ ಎಚ್ಚರವಾಗೇ ಇರುತ್ತದೆ. ಕಂಪ್ಯೂಟರಾದರೆ ಅದನ್ನು ಮಲಗಿಸುತ್ತದೆ. ಈ ಎಂಪಿ3 ಬೋರ್ಡ್ ಮಲಗಿಸುವುದಿಲ್ಲ. ಮೈಕ್ರೋ ಎಸ್‌ಡಿ ಕಾರ್ಡ್ ಹಾಗಲ್ಲ. ಓದುವ ಆ ಕ್ಷಣ ಮಾತ್ರ ಕರೆಂಟ್ ಎಳೆದು, ಮುಗಿದ ಕೂಡಲೇ ತಾನೇ ತಣ್ಣಗಾಗುತ್ತದೆ.

ಅತ್ತೆಯ ಹಾಡುಗಳನ್ನೆಲ್ಲ 4 ಜಿಬಿ ಕಾರ್ಡಿಗೆ ಹಾಕಿ, ಅದೇ ಬೋರ್ಡಿನ ಇನ್ನೊಂದು ಸ್ಲಾಟಿಗೆ ಸೇರಿಸಿದೆ. 55 ಇದ್ದ ಕಡೆ 8 ಮಿಲಿಆಂಪ್. ಒಂದು ತಂತಿಯನ್ನೂ ಕತ್ತರಿಸದೆ ಸಿಕ್ಕ ಉಳಿತಾಯ. ಕಾರ್ಡನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಹೆಚ್ಚಿನ ಬೋರ್ಡುಗಳು ಓದುವುದಿಲ್ಲ. ಪೆನ್‌ಡ್ರೈವೇ ಬೇಕು ಅನ್ನುವವರು ಮನೆಯಲ್ಲಿರುವ ನಾಲ್ಕೈದನ್ನು ಅಳೆದು ನೋಡಿ. ಒಂದಕ್ಕೊಂದು ಅಜಗಜಾಂತರ ಇರುತ್ತದೆ. ನಾನು ಅಳೆದವುಗಳಲ್ಲಿ ಯುಎಸ್‌ಬಿ 3 ಪೆನ್‌ಡ್ರೈವ್‌ಗಳೇ ಜಾಸ್ತಿ ಎಳೆದವು.

ಡಿಸ್ಪ್ಲೇ ತೆಗೆದರೆ ಇನ್ನೂ ಹತ್ತು ಹನ್ನೆರಡು ಮಿಲಿಆಂಪ್ ಉಳಿಯುತ್ತಿತ್ತು. ಆದರೆ ಅತ್ತೆಗೆ ಹಾಡಿನ ನಂಬರ್ ಕಾಣಬೇಕು. ಶುಕ್ರವಾರದ ಹಾಡು 14, ಶನಿವಾರದ್ದು 22 ಅಂತ ಬಾಯಿಪಾಠ. ಹಾಗಾಗಿ ಡಿಸ್ಪ್ಲೇ ಮುಟ್ಟಲಿಲ್ಲ. ನೀಲಿ ಎಲ್ಇಡಿ ಮಾತ್ರ ತೆಗೆದೆ. 3 ಮಿಲಿಆಂಪ್ ಸಣ್ಣದು ಅನ್ನಿಸಬಹುದು, ಆದರೆ ಹಗಲೂ ರಾತ್ರಿ ಉರಿದರೆ ದಿನಕ್ಕೆ 72 ಎಂಎಎಚ್.

ಆಂಪ್ಲಿಫೈಯರಿಗೆ 5 ವೋಲ್ಟ್ ಬೇಕಾ?

ಬೇಡ. ಪಿಎಎಂ8403 2.5ರಿಂದ 5.5 ವೋಲ್ಟ್ ತನಕ ಕೆಲಸ ಮಾಡುತ್ತದೆ. ಲಿಥಿಯಂ ಸೆಲ್ ಇರುವುದು 3ರಿಂದ 4.2ರ ನಡುವೆ. ಸೆಲ್ಲಿನಿಂದಲೇ ನೇರವಾಗಿ ಕೊಟ್ಟರೆ ಬೂಸ್ಟ್ ಮಾಡ್ಯೂಲಿನ ನಷ್ಟ ಪೂರ್ತಿ ತಪ್ಪುತ್ತದೆ. ಸುಮ್ನಿದ್ದಾಗಿನ ಕರೆಂಟೂ 16ರಿಂದ 11ಕ್ಕೆ ಇಳಿಯುತ್ತದೆ. ಗರಿಷ್ಠ ಸೌಂಡ್ ಸುಮಾರು 2.5 ಡೆಸಿಬಲ್ ಕಡಿಮೆ ಆಗುತ್ತದೆ ನಿಜ. ಆದರೆ ಮೆಲ್ಲಗೆ ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಮದುವೆ ಮನೆಯಲ್ಲಿ ಇಡುವ ಪೆಟ್ಟಿಗೆ ಅಲ್ವಲ್ಲ ಇದು.

ಒಂದು ಕಡೆ ಎಚ್ಚರ ಬೇಕು. ಆಂಪ್ಲಿಫೈಯರಿನ ಗ್ರೌಂಡ್ ವೈರನ್ನು ಎಂಪಿ3 ಬೋರ್ಡಿನಿಂದ ಎರವಲು ಪಡೆಯಬೇಡಿ. ಚಾರ್ಜಿಂಗ್ ಬೋರ್ಡಿನ ಔಟ್ ಮೈನಸ್‌ನಿಂದ ಬೇರೆಯೇ ವೈರ್ ಎಳೆಯಿರಿ. ನಾನು ಮೊದಲು ಹಾಗೆ ಮಾಡದೆ ಡಿಸ್ಪ್ಲೇ ಅಂಕಿ ಬದಲಾದಾಗಲೆಲ್ಲ ಟಿಕ್ ಟಿಕ್ ಅಂತ ಸ್ಪೀಕರಿನಲ್ಲಿ ಕೇಳಿಸಿತು. ವೈರ್ ಬದಲಿಸಿ, ಆಂಪ್ಲಿಫೈಯರಿನ ಪವರ್ ಪಾಯಿಂಟಿನಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನಿಂತಿತು.

ಆಫ್ ಮಾಡಿದರೂ ಆಫ್ ಆಗದ ಪೆಟ್ಟಿಗೆ

ಈಗ ಅತ್ತೆಯ ಎರಡನೇ ದೂರು. ಇದು ನನ್ನದೇ ತಪ್ಪು. ಪೆಟ್ಟಿಗೆ ಮಾಡುವಾಗ ನಾನು ಮುಖ್ಯ ಸ್ವಿಚ್ ಹಾಕಿರಲಿಲ್ಲ. ಎಂಪಿ3 ಬೋರ್ಡಿನ ಬಟನ್ ಒತ್ತಿ ಹಿಡಿದರೆ ಡಿಸ್ಪ್ಲೇ ಆರುತ್ತದೆ, ಅಷ್ಟೇ ಸಾಕು ಅಂದುಕೊಂಡಿದ್ದೆ. ಆ ಬಟನ್ ಮಲಗಿಸುವುದು ಬೋರ್ಡನ್ನು ಮಾತ್ರ. ಬೂಸ್ಟ್ ಮಾಡ್ಯೂಲ್, ಆಂಪ್ಲಿಫೈಯರ್, ಪೆನ್‌ಡ್ರೈವ್, ನೀಲಿ ಎಲ್ಇಡಿ ಎಲ್ಲ ಎದ್ದೇ ಇರುತ್ತವೆ. ರಿಪೇರಿಗೆ ಮುಂಚೆ ಆ ಸ್ಥಿತಿಯಲ್ಲಿ ಸೆಲ್ಲಿನಿಂದ ಹೋಗುತ್ತಿದ್ದದ್ದು 223 ಮಿಲಿಆಂಪ್. ಎಂಟೂವರೆ ಗಂಟೆಯಲ್ಲಿ ಸೆಲ್ ಖಾಲಿ. ಅತ್ತೆ ರಾತ್ರಿ ಒಂಬತ್ತಕ್ಕೆ ಆರಿಸಿ ಬೆಳಗ್ಗೆ ಆರಕ್ಕೆ ಏಳುತ್ತಾರೆ. ಅವರು ಹೇಳಿದ್ದು ಅಕ್ಷರಶಃ ಸರಿ. ಮೊದಲೆಲ್ಲ ರಾತ್ರಿ ಚಾರ್ಜಿಗೆ ಹಾಕಿಯೇ ಮಲಗುತ್ತಿದ್ದರಿಂದ ಇದು ಗೊತ್ತಾಗಿರಲಿಲ್ಲ.

ಚಾರ್ಜಿಂಗ್ ಬೋರ್ಡಿನ ಔಟ್ ಪ್ಲಸ್ ಮತ್ತು ಉಳಿದೆಲ್ಲದರ ನಡುವೆ ಒಂದು ಸ್ಲೈಡ್ ಸ್ವಿಚ್ ಹಾಕಿದೆ. ಜಾಗ ಮುಖ್ಯ. ಸೆಲ್ಲಿಗೂ ಚಾರ್ಜಿಂಗ್ ಬೋರ್ಡಿಗೂ ನಡುವೆ ಹಾಕಿದರೆ ಸ್ವಿಚ್ ಆಫ್ ಇದ್ದಾಗ ಚಾರ್ಜ್ ಆಗುವುದಿಲ್ಲ. ಔಟ್ ಕಡೆ ಹಾಕಿದರೆ ಆರಿಸಿಟ್ಟೇ ಚಾರ್ಜ್ ಮಾಡಬಹುದು, ಹಾಗೆ ಮಾಡುವುದೇ ಸರಿ ಕೂಡ. 1 ಆಂಪ್‌ಗೆ ಹೊಂದಿಸಿದ ಟಿಪಿ4056 ಚಾರ್ಜಿಂಗ್ ಮುಗಿಯಿತು ಅಂತ ತೀರ್ಮಾನಿಸುವುದು ಕರೆಂಟ್ ಹತ್ತನೇ ಒಂದು ಭಾಗಕ್ಕೆ, ಅಂದರೆ 100 ಮಿಲಿಆಂಪಿಗೆ ಇಳಿದಾಗ. ಪೆಟ್ಟಿಗೆ ಹಾಡುತ್ತಾ ಅದಕ್ಕಿಂತ ಜಾಸ್ತಿ ಎಳೆಯುತ್ತಿದ್ದರೆ ಆ ತೀರ್ಮಾನವೇ ಆಗುವುದಿಲ್ಲ. ಕೆಂಪು ಲೈಟ್ ಉರಿಯುತ್ತಲೇ ಇರುತ್ತದೆ, ಸೆಲ್ 4.2 ವೋಲ್ಟಿನಲ್ಲಿ ಗಂಟೆಗಟ್ಟಲೆ ನಿಂತು ಬೇಗ ಮುದಿಯಾಗುತ್ತದೆ.

ಡಿಎಫ್‌ಪ್ಲೇಯರ್ ಮಿನಿ ಅನ್ನುವ ಎಂಪಿ3 ಬೋರ್ಡ್ ಬಳಸಿದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಅದರ ಬಿಝಿ ಪಿನ್ ಹಾಡು ನಡೆಯುವಾಗ ಸೊನ್ನೆ, ನಿಂತಾಗ ಮೇಲೆ. ಪಿಎಎಂ8403ರ 12ನೇ ಕಾಲು ಶಟ್‌ಡೌನ್. ಅದು ಕೆಳಗೆ ಹೋದರೆ ಐಸಿ 1 ಮೈಕ್ರೋಆಂಪ್‌ಗಿಂತ ಕಡಿಮೆ ಎಳೆದು ಮಲಗುತ್ತದೆ. ಹೆಚ್ಚಿನ ಬೋರ್ಡುಗಳಲ್ಲಿ ಈ ಕಾಲನ್ನು ಪ್ಲಸ್ಸಿಗೆ ಸೇರಿಸಿರುತ್ತಾರೆ, ಮೆಲ್ಲಗೆ ಎತ್ತಿ ಬಿಡಿಸಬೇಕು. ಕಾಲಿನಿಂದ ಪ್ಲಸ್ಸಿಗೆ 100 ಕಿಲೋಓಮ್, ಕಾಲಿನಿಂದ ಗ್ರೌಂಡಿಗೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಅದರ ಬೇಸಿಗೆ ಬಿಝಿ ಪಿನ್ನಿನಿಂದ 10 ಕಿಲೋಓಮ್. ಹಾಡು ನಿಂತ ಕ್ಷಣ ಆಂಪ್ಲಿಫೈಯರ್ ಮಲಗುತ್ತದೆ. 5ನೇ ಕಾಲಿನ ಮ್ಯೂಟ್ ಬಳಸಿದರೆ ಸದ್ದು ನಿಲ್ಲುತ್ತದೆ, ಆದರೆ 5 ವೋಲ್ಟಿನಲ್ಲಿ ಮೂರೂವರೆ ಮಿಲಿಆಂಪ್ ಹೋಗುತ್ತಲೇ ಇರುತ್ತದೆ.

ಸ್ಪೀಕರ್ ಮತ್ತು ಸೆಲ್

ಹೊಸದಾಗಿ ಪೆಟ್ಟಿಗೆ ಮಾಡುವವರು ಸ್ಪೀಕರ್ ಕೊಳ್ಳುವಾಗ ವ್ಯಾಟ್ ಜೊತೆಗೆ ಡೆಸಿಬಲ್ಲನ್ನೂ ಕೇಳಿ. 1 ವ್ಯಾಟಿಗೆ 86 ಡೆಸಿಬಲ್ ಕೊಡುವ ಸ್ಪೀಕರಿನ ಬದಲು 89 ಕೊಡುವುದನ್ನು ಹಾಕಿದರೆ ಅಷ್ಟೇ ಸೌಂಡಿಗೆ ಅರ್ಧ ಪವರ್ ಸಾಕು.

ಸೆಲ್ ಪರೀಕ್ಷೆಯನ್ನು ನಾನು ಕೊನೆಗೆ ಮಾಡಿದೆ. ಸೋರಿಕೆ ನಿಲ್ಲಿಸದೆ ಹೊಸ ಸೆಲ್ ಹಾಕಿದರೆ ಅದೂ ಸೋರಿಯೇ ಹೋಗುತ್ತದೆ. ಚಾರ್ಜ್ ಮಾಡಿ ಒಂದು ಗಂಟೆ ಬಿಟ್ಟ ಸೆಲ್ಲಿನ ವೋಲ್ಟೇಜ್ ನೋಡಿ, ಆಮೇಲೆ 10 ಓಮ್‌ನ 5 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಮುಟ್ಟಿಸಿ ಮತ್ತೆ ನೋಡಿ. ಅತ್ತೆಯ ಸೆಲ್ 4.05ರಿಂದ 3.97ಕ್ಕೆ ಇಳಿಯಿತು. ಒಳಗಿನ ರೆಸಿಸ್ಟೆನ್ಸ್ 0.2 ಓಮ್ ಅಂತಾಯಿತು. ವಯಸ್ಸಾಗಿದೆ, ಇನ್ನೂ ನಡೆಯುತ್ತದೆ. ಚಾರ್ಜ್ ಟೆಸ್ಟರಿನಲ್ಲಿ ಹಾಕಿದಾಗ 1900 ಎಂಎಎಚ್ ಉಳಿದಿತ್ತು. 0.4 ವೋಲ್ಟಿನಷ್ಟು ಬಿದ್ದರೆ ಬದಲಿಸಿ. ಬದಲಿಸುವಾಗ 9900 ಎಂಎಎಚ್ ಅಂತ ಬರೆದ 18650 ಸೆಲ್ಲನ್ನು ಮುಟ್ಟಲೇಬೇಡಿ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ಲೂ 3600 ದಾಟುವುದು ಅಪರೂಪ. ಉಬ್ಬಿದ, ತುಕ್ಕು ಹಿಡಿದ, ಮೇಲಿನ ಪ್ಲಾಸ್ಟಿಕ್ ಹರಿದ ಸೆಲ್ ಯಾವುದೂ ಮನೆಯೊಳಗೆ ಬೇಡ.

ಎಲ್ಲ ಮುಗಿದ ಮೇಲೆ ಪಾಸ್ ಒತ್ತಿದಾಗ 93 ಮಿಲಿಆಂಪ್. ಅತ್ತೆ ಇಡುವ ಸೌಂಡಿನಲ್ಲಿ 190. ಸ್ವಿಚ್ ಆಫ್ ಮಾಡಿದರೆ ಮೀಟರಿನಲ್ಲಿ 0.0. ಪೂರ್ತಿ ಚಾರ್ಜ್ ಮಾಡಿ ಬೆಳಗ್ಗೆ ಆರಕ್ಕೆ ಹಚ್ಚಿಟ್ಟದ್ದು ಮಧ್ಯಾಹ್ನ 3 ಗಂಟೆ 40 ನಿಮಿಷದ ತನಕ ಹಾಡಿತು, ಅದೇ ಹಳೆಯ ಸೆಲ್ಲಿನಲ್ಲಿ. ಈ ಮೂರು ಅಂಕಿಗಳನ್ನೂ ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮುಂದೆ ಯಾರು ಪೆಟ್ಟಿಗೆ ಬಿಚ್ಚಿದರೂ ಮೊದಲು ಅದನ್ನು ನೋಡಲಿ ಅಂತ, ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆದೆ: ಸ್ಪೀಕರ್ ಪಾಯಿಂಟಿನಿಂದ ಗ್ರೌಂಡಿಗೆ ಕೆಪಾಸಿಟರ್ ಹಾಕಬೇಡಿ.